ಮುಟ್ಟಾದವಳ ರೋಜಾ

ಪಿಂಜಾರ ರಾಜೇಸಾಬನ ಮಗಳು ಚಮನಬಿ ರಂಜಾನಿನ ಹಾಡುಹಗಲಲ್ಲಿ, ರೋಜಾ ಎಂಬ ಉಪವಾಸದ ಹೊತ್ತಿನಲ್ಲಿ, ನೀರು ಕುಡಿದಳು. ತಂಬಿಗೆಯಲ್ಲಲ್ಲ, ಎತ್ತುಗಳು ಮೂತಿ ಇಡುವ ಕಲ್ಲುಬಾನಿಗೆ ಬಾಯಿ ಹಚ್ಚಿ ಕುಡಿದಳು. ಅದಕ್ಕಾಗಿ ಅವಳನ್ನು ಏನು ಮಾಡಿದರು ಎಂಬುದನ್ನು ಹೇಳಬೇಕು.

ಮುಂಬೈ ಸರಕಾರ ಹೋಗಿ ಮೈಸೂರಿನದು ಬಂದ ಮೇಲಿನ ಮೊದಲ ಬೇಸಿಗೆ ಅದು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯಲ್ಲಿ ಅವರ ಊರು. ಹಗಲೆಲ್ಲ ಬಿದಿರು ಹೇರಿದ ಲಾರಿಗಳು ಹೋಗುತ್ತಿದ್ದವು. ಕೆಂಧೂಳು ಎದ್ದು ಮಸೂತಿಯ ಬಿಳಿ ಗೋಡೆಯ ಮೇಲೆ ಕೂರುತ್ತಿತ್ತು. ಮಸೂತಿಯ ಸುತ್ತ ಎತ್ತರದಲ್ಲಿ ವ್ಯಾಪಾರದ ಸಾಬರ ಮನೆಗಳು. ತಗ್ಗಿನಲ್ಲಿ, ಊರಿನ ಗಟಾರದ ನೀರು ಬಂದು ನಿಲ್ಲುವ ಕಡೆ, ಪಿಂಜಾರರ ಮನೆಗಳು.

ಪಿಂಜಾರರೆಂದರೆ ಹತ್ತಿ ಹಿಂಜಿ ಗಾದಿ ಮಾಡುವವರು. ಅವರೂ ಮುಸಲ್ಮಾನರೇ. ಆದರೆ ಮನೆಯಲ್ಲಿ ಆಡುವುದು ಕನ್ನಡ. ಉರ್ದು ಆಡುವ ಮೇಲಿನ ಓಣಿಯವರಿಗೆ ಅದೇ ನಗೆ. "ಇವರ ಬಾಯಾಗ ಅಲ್ಲಾನ ಹೆಸರೂ ಕನ್ನಡ ಆಗ್ತೈತಿ" ಅನ್ನುತ್ತಿದ್ದರು. ಪಿಂಜಾರರು ಮಾಡಿದ ಗಾದಿಯ ಮೇಲೆ ಮಲಗುತ್ತಿದ್ದರು. ಅವರ ಮನೆಯ ಹೆಣ್ಣು ತರುತ್ತಿರಲಿಲ್ಲ. ಮಸೂತಿಯಲ್ಲಿ ಪಿಂಜಾರರು ಕೊನೆಯ ಸಾಲಿನಲ್ಲಿ, ಚಪ್ಪಲಿ ಬಿಡುವ ಜಾಗಕ್ಕೆ ತಾಗಿ ನಿಲ್ಲಬೇಕಿತ್ತು. ರಾಜೇಸಾಬನ ತಾಯಿ ಸತ್ತಾಗ ಕಬರಸ್ತಾನದ ಬೇಲಿಯ ಒಳಗೆ ಜಾಗ ಕೊಡಲಿಲ್ಲ. ಮುಳ್ಳುಕಂಟಿಯ ಆಚೆ ಅಗೆದು ಹೂಳಿದರು. ಆ ದಿನದಿಂದ ರಾಜೇಸಾಬನಿಗೆ ಒಂದೇ ಆಸೆ. ಯಾರೂ ತನಗೆ ಪಿಂಜಾರ ಅನ್ನಬಾರದು, ಮುಸಲ್ಮಾನ ಅನ್ನಬೇಕು. ಗಡ್ಡ ಬಿಟ್ಟ. ಐದು ಹೊತ್ತೂ ಮಸೂತಿಗೆ ಓಡತೊಡಗಿದ. ಮನೆಯಲ್ಲಿ ಹೆಂಡತಿ, ಮಗಳ ಮೇಲೆ ಕಣ್ಣಿಟ್ಟ.

ಚಮನಬಿ ಸಾಲಿಯಲ್ಲಿ ಕನ್ನಡ ಓದುತ್ತಿದ್ದಳು. ಬೆಳಿಗ್ಗೆ ಮುಲ್ಲಾನ ಹತ್ತಿರ ಕುರಾನು ಓದುತ್ತಿದ್ದಳು. ಮಾತು ತಡವರಿಸುತ್ತಿರಲಿಲ್ಲ. ಓದು ಬೇಗ ಬಂತು. ಚಳಿಗಾಲದಲ್ಲಿ ಒಂದು ದಿನ ಸಾಲಿಯಿಂದ ಬರುವಾಗ ಲಂಗಕ್ಕೆ ರಕ್ತ ಹತ್ತಿತು. ಅಲ್ಲಿಗೆ ಎರಡೂ ಓದು ನಿಂತವು. ತಾಯಿ ಮುಕ್ತುಂಬಿ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ರಾಜೇಸಾಬನ ಹಳೆಯ ರುಮಾಲು ಹರಿದು ಮಡಿಚಿ ಕೈಗೆ ಕೊಟ್ಟಳು.

"ಇವತ್ತಿಂದ ನೀ ಬಾಲಿಗ್ ಆದಿ, ದೊಡ್ಡಾಕಿ ಆದಿ. ನಿನ್ನ ಗುನ್ಹಾ, ನಿನ್ನ ಪಾಪ, ನಿನ್ನ ತಲಿ ಮ್ಯಾಲೆ. ಮುಟ್ಟಿನ್ಯಾಗ ನಮಾಜು ಮಾಡಂಗಿಲ್ಲ. ಕುರಾನಕ್ಕ ಕೈ ಹಚ್ಚಂಗಿಲ್ಲ. ರೋಜಾ ಹಿಡ್ಯಂಗಿಲ್ಲ. ರಂಜಾನ ಹ್ವಾದ ಮ್ಯಾಲೆ ಬಿಟ್ಟಿದ್ದನ್ನ ತಿರುಗಿ ಹಿಡದು ತೀರಸಬೇಕು. ನಿಂತ ಮ್ಯಾಲೆ ತಲಿಯಿಂದ ನೀರು ಹಾಕ್ಕೋಬೇಕು. ತಿಳೀತೇನು?"

"ಹಿತ್ತಲದಾಗ ಕುಂಡ್ರಬೇಕೇನವ್ವಾ? ಮಗ್ಗಲ ಓಣಿ ಶಂಕ್ರವ್ವನ ಮಗಳನ್ನ ಹಂಗ ಕುಂಡ್ರಸ್ತಾರ."

"ನಮ್ಮದ್ರಾಗ ಹಂಗೇನಿಲ್ಲ. ಅಡಗಿ ಮಾಡು, ನೀರು ತಾ, ಹತ್ತಿ ಬಡಿ, ಎಲ್ಲಾ ಮಾಡು. ಆದ್ರ ಗಂಡಸರಿಗೆ ಗೊತ್ತಾಗಬಾರದು. ಅಪ್ಪಗೂ ಗೊತ್ತಾಗಬಾರದು."

"ಅದೂ ಕಿತಾಬಿನ್ಯಾಗ ಬರದೈತೇನು?"

ಮುಕ್ತುಂಬಿ ಮಗಳ ಕಪಾಳಕ್ಕೆ ಹೊಡೆದಳು.

"ಎಲ್ಲಾ ಕಿತಾಬಿನ್ಯಾಗ ಇರೂದಿಲ್ಲ," ಅಂದಳು.

ಅಂದಿನಿಂದ ಚಮನಬಿ ಆ ತುಂಡುಗಳನ್ನು ಒಗೆದು ಬೇರೆ ಬಟ್ಟೆಯ ಕೆಳಗೆ ಮುಚ್ಚಿ ಹರವುವುದನ್ನು ಕಲಿತಳು. ಮುಚ್ಚಿದ ಬಟ್ಟೆ ಒಣಗುವುದಿಲ್ಲ. ಹಸಿಯದನ್ನೇ ಕಟ್ಟಿಕೊಳ್ಳಬೇಕು. ತೊಡೆಯ ಸಂದಿ ಉಜ್ಜಿ ಗಾಯವಾಗುತ್ತಿತ್ತು. ಮನೆ ತುಂಬ ಹತ್ತಿ ಇತ್ತು. ಆದರೆ ಅದು ಗಿರಾಕಿಗಳ ಹತ್ತಿ. ಒಂದು ಹಿಡಿ ತೆಗೆದರೂ ಕಳವು.

ರಂಜಾನು ಬೇಸಿಗೆಯ ನಡುವೆ ಬಂತು. ಬೇಸಿಗೆಯೇ ಗಾದಿಯ ಕೆಲಸದ ಕಾಲ. ಮಳೆ ಹಿಡಿದರೆ ಹತ್ತಿ ಹಿಂಜಲು ಆಗುವುದಿಲ್ಲ. ಮಸೂತಿಯ ಕಾರುಭಾರ ನೋಡುವ ಮುತವಲ್ಲಿ ಹಜರತಸಾಬ ಮಗಳ ಮದುವೆಗೆ ಗಾದಿ ಮಾಡಿಸಲು ರಾಜೇಸಾಬನನ್ನು ಕರೆಸಿದ. ಆತ ಕಟ್ಟಿಗೆಯ ಗುತ್ತಿಗೆದಾರ. ಮಸೂತಿಗೆ ಸೇರಿದವರ ಜಮಾತಿನಲ್ಲಿ ಅವನ ಮಾತೇ ಮಾತು.

"ನಮ್ಮ ಹಿತ್ತಲದಾಗ ಬಂದು ಮಾಡು. ಹೇಣ್ತಿ, ಮಗಳನ್ನೂ ಕರಕೊಂಡು ಬಾ. ಕೆಲಸ ಲಗೂನ ಮುಗೀಬೇಕು," ಅಂದ. ಆಮೇಲೆ ಅಂದ, "ಚಂದ ಮಾಡಿದ್ರ ಈದಿನ ನಮಾಜಿಗೆ ನಿನ್ನ ಮುಂದಿನ ಸಾಲಿನ್ಯಾಗ ನಿಲ್ಲಸ್ತೇನಿ."

ರಾಜೇಸಾಬ ಮನೆಗೆ ಬಂದು ಅದನ್ನು ಎರಡೆರಡು ಸಲ ಹೇಳಿದ.

"ಮನ್ಯಾಗ ಎಲ್ಲಾರೂ ರೋಜಾ ಹಿಡೀಬೇಕು. ಒಂದೂ ತಪ್ಪಬಾರದು. ಚಮನಾನೂ ಹಿಡೀಲಿ. ಈಗ ಆಕೀನೂ ದೊಡ್ಡಾಕಿ ಆಗ್ಯಾಳ," ಅಂದ. ಮಸೂತಿಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ, "ನನ್ನ ಮಗಳೂ ಹಿಡದಾಳ್ರಿ," ಎಂದು ಹೇಳಿಕೊಂಡ.

ರಂಜಾನಿನ ನಡುವೆ ಚಮನಬಿ ಮುಟ್ಟಾದಳು. ತಾಯಿಯ ಕಿವಿಯಲ್ಲಿ ಹೇಳಿದಳು.

"ನಸುಕಿನ್ಯಾಗ ಸೆಹರಿಗೆ ಎದ್ದು ಎಲ್ಲಾರ ಜೋಡಿ ಉಣ್ಣು. ಹೊತ್ತು ಮುಣುಗೂತನಾ ಏನೂ ಬಾಯಾಗ ಹಾಕ್ಕೋಬ್ಯಾಡ," ಅಂದಳು ಮುಕ್ತುಂಬಿ.

"ನನಗ ರೋಜಾ ಇಲ್ಲಲ್ಲವ್ವಾ?"

"ಇಲ್ಲ. ಆದ್ರ ರೋಜಾ ಇದ್ದಂಗ ಇರು. ತಿನ್ನೂದು ಅಪ್ಪ ನೋಡಿದ್ರ ಏನಂತ ಹೇಳ್ತಿ?"

"ರಂಜಾನ ಮುಗದ ಮ್ಯಾಲೆ ಮತ್ತ ತಿರುಗಿ ಹಿಡೀಬೇಕೇನು?"

"ಹಿಡೀಬೇಕು. ಈಗಿಂದು ಲೆಕ್ಕಕ್ಕ ಬರೂದಿಲ್ಲ."

ಒಂದೇ ಉಪವಾಸವನ್ನು ಎರಡು ಸಲ ಮಾಡಬೇಕು. ಒಂದು ಅಲ್ಲಾನಿಗೆ. ಒಂದು ಗಂಡಸರಿಗೆ. ಮುಕ್ತುಂಬಿ ತಾನೂ ಹಾಗೆ ಮಾಡಿದ್ದಳು. ಅವಳ ತಾಯಿಯೂ ಮಾಡಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ.

ಹಜರತಸಾಬನ ಹಿತ್ತಲಲ್ಲಿ ಮೊದಲು ಹಳೆಯ ಗಾದಿಗಳನ್ನು ಬಿಚ್ಚಬೇಕಿತ್ತು. ಅವುಗಳ ಹತ್ತಿಯನ್ನೂ ಹೊಸ ಹತ್ತಿಯೊಂದಿಗೆ ಬೆರೆಸುತ್ತಾರೆ. ಆ ಕೆಲಸ ಚಮನಬಿಯದು. ಹೊಲಿಗೆ ಹರಿದರೆ ಒಳಗಿನಿಂದ ವರ್ಷಗಟ್ಟಲೆ ಕೂತ ಬೆವರು, ಮಕ್ಕಳ ಉಚ್ಚೆ, ಎಣ್ಣೆಯ ನಾತ ಮುಖಕ್ಕೆ ಹೊಡೆಯುತ್ತದೆ. ಗಂಟುಗಟ್ಟಿದ ಹತ್ತಿಯನ್ನು ಉಗುರಿನಿಂದ ಬಿಡಿಸಬೇಕು. ಬಿಡಿಸಿದ್ದನ್ನು ಕೋಲಿನಿಂದ ಬಡಿಯಬೇಕು. ರಾಜೇಸಾಬ ಕಮಾನು ಹಿಡಿದು ಮರದ ಗುಂಡಿನಿಂದ ತಂತಿಯನ್ನು ಮೀಟುತ್ತ ಹಿಂಜುತ್ತಿದ್ದ. ಎದ್ದ ಹತ್ತಿಯ ಧೂಳು ಬಿಸಿಲಲ್ಲಿ ನಿಲ್ಲುತ್ತಿತ್ತು. ಉಸಿರೆಳೆದರೆ ಗಂಟಲಿನಲ್ಲಿ ಎಳೆ ಅಂಟುತ್ತಿತ್ತು. ಕೆಮ್ಮಿದರೆ ಬರುತ್ತಿರಲಿಲ್ಲ. ನುಂಗಲು ಉಗುಳು ಇರಲಿಲ್ಲ.

ಬುಧವಾರ ಮಧ್ಯಾಹ್ನ. ಚಮನಬಿ ಬಡಿಯುತ್ತಿದ್ದಳು. ಸೊಂಟದ ಕೆಳಗೆ ಯಾರೋ ಹಗ್ಗ ಬಿಗಿದು ಎಳೆದ ಹಾಗಿತ್ತು. ಹಸಿ ಬಟ್ಟೆ ತೊಡೆಯನ್ನು ಕೊರೆಯುತ್ತಿತ್ತು. ಕಣ್ಣಿಗೆ ಹತ್ತಿಯ ರಾಶಿ ಬೆಳ್ಳಗೆ, ಆಮೇಲೆ ಹಳದಿ, ಆಮೇಲೆ ಕಪ್ಪಗೆ ಕಂಡಿತು.

"ಅವ್ವಾ, ನೀರು," ಅಂದಳು.

ಗಾದಿ ಹೊಲಿಯುತ್ತಿದ್ದ ಮುಕ್ತುಂಬಿ ತಲೆ ಎತ್ತದೆ ಅಂದಳು, "ಬಾಯಿ ಮುಚ್ಚು. ಅಪ್ಪ ಕೇಳ್ತಾನ."

ಚಮನಬಿ ಕೋಲು ಕೆಳಗಿಟ್ಟಳು. ಗೋಡೆ ಹಿಡಿದು ದನದ ಕೊಟ್ಟಿಗೆಯ ಕಡೆ ನಡೆದಳು. ಕಲ್ಲುಬಾನಿಯಲ್ಲಿ ನೀರಿತ್ತು. ಮೇಲೆ ಹುಲ್ಲಿನ ಎಸಳು, ಎತ್ತಿನ ಜೊಲ್ಲು ತೇಲುತ್ತಿದ್ದವು. ಮಂಡಿಯೂರಿ ಮುಖ ಹಾಕಿದಳು. ಕುಡಿದಳು. ಉಸಿರು ಬಿಟ್ಟು ಮತ್ತೆ ಕುಡಿದಳು.

ಸೆಗಣಿ ಬಳಿಯುತ್ತಿದ್ದ ಆಳು ಸತ್ತೆವ್ವ ಅವಳನ್ನು ನೋಡಿದಳು. "ಅಯ್ಯ ನನ ಕೂಸ, ಅದು ದನದ ನೀರು," ಎನ್ನುತ್ತ ತನ್ನ ತಂಬಿಗೆ ತರಲು ಎದ್ದಳು. ಅಷ್ಟರಲ್ಲಿ ಪಡಸಾಲೆಯ ನೆರಳಿನಲ್ಲಿ ಮಲಗಿದ್ದ ಹಜರತಸಾಬ ಎದ್ದು ಬಂದಿದ್ದ.

ಅವನು ಚಮನಬಿಯ ಜಡೆ ಹಿಡಿದು ಮೇಲಕ್ಕೆತ್ತಿದ. ಅವಳ ಬಾಯಿಂದ ನೀರು ಸುರಿಯುತ್ತಿತ್ತು.

"ರಾಜ್ಯಾ! ಬಾರಲೇ ಇಲ್ಲೆ! ನಿನ್ನ ಮಗಳ ರೋಜಾ ನೋಡು!"

ರಾಜೇಸಾಬ ಓಡಿ ಬಂದ. ನೀರು ನೋಡಿದ. ಹಜರತಸಾಬನ ಮುಖ ನೋಡಿದ. ಕೈಯಲ್ಲಿದ್ದ ಮರದ ಗುಂಡಿನಿಂದ ಮಗಳ ಬೆನ್ನಿಗೆ ಹೊಡೆದ.

"ಯಾಕ ಕುಡದಿ? ಹೇಳು, ಯಾಕ ಕುಡದಿ?"

ಚಮನಬಿ ತಾಯಿಯನ್ನು ನೋಡಿದಳು. ಮುಕ್ತುಂಬಿ ದಬ್ಬಣ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳು ಕಣ್ಣು ಕೆಳಗೆ ಹಾಕಿದಳು.

"ನೀರಡಿಸಿತ್ತು," ಅಂದಳು ಚಮನಬಿ.

ಮತ್ತೆ ಹೊಡೆದ.

"ಕೂಸು ನೀರು ಕುಡದ್ರ ಏನಾತ್ರೀ ಸಾಹೇಬ್ರ? ಎತ್ತಿಗೇನು ಕಡಿಮಿ ಬೀಳ್ತಾವೇನು?" ಅಂದಳು ಸತ್ತೆವ್ವ.

"ನೀ ಸೆಗಣಿ ಬಳಿ. ಇದು ನಮ್ಮ ದೀನಿನ, ನಮ್ಮ ಧರ್ಮದ ಮಾತು," ಅಂದ ಹಜರತಸಾಬ.

ದೀನಿನ ಮಾತು ಅವನೇ ಮುಗಿಸಿದ. ಹುಡುಗಿ ಬಾಲಿಗ್ ಆಗಿದ್ದಾಳೆ. ಸಾಲಿ ಬಿಡಿಸಿದ್ದು ಊರಿಗೇ ಗೊತ್ತು. ಸಣ್ಣ ಕೂಸು ಎನ್ನುವಂತಿಲ್ಲ. ಶುಕ್ರವಾರ ಜುಮ್ಮಾ ನಮಾಜಿನ ಹೊತ್ತಿಗೆ ಮಸೂತಿಯ ಮುಂದೆ ಬರಬೇಕು. ಜಮಾತಿನವರ ಚಪ್ಪಲಿ ತಲೆಯ ಮೇಲೆ ಹೊತ್ತು ನಿಲ್ಲಬೇಕು. ನಮಾಜು ಮುಗಿದ ಮೇಲೆ ಕುರಾನದ ಮೇಲೆ ಕೈಯಿಟ್ಟು ತಪ್ಪಾಯಿತೆಂದು ತೋಬಾ ಮಾಡಬೇಕು. ಮಾಡಿದರೆ ಈದಿನ ಮುಂದಿನ ಸಾಲು ಉಳಿಯುತ್ತದೆ. ಇಲ್ಲದಿದ್ದರೆ ಪಿಂಜಾರರ ಇಡೀ ಕೇರಿಗೆ ಮಸೂತಿ ಬಂದ್.

ಮನೆಯಲ್ಲಿ ಮುಕ್ತುಂಬಿ ಮಗಳ ಬೆನ್ನಿಗೆ ಅರಿಷಿಣ ಹಚ್ಚಿದಳು. ಹಚ್ಚುತ್ತ ಅಂದಳು, "ಚಪ್ಪಲಿ ಹೊತ್ತು ಬಿಡವ್ವಾ. ಒಂದು ಗಳಿಗಿ."

"ಕುರಾನಕ್ಕ ಕೈ ಹೆಂಗ ಇಡ್ಲಿ?"

"ಅಲ್ಲಾಗ ಎಲ್ಲಾ ಗೊತ್ತೈತಿ. ಮಾಫ್ ಮಾಡ್ತಾನ."

"ನೀರು ಕುಡದದ್ದಕ್ಕ ಅಲ್ಲಾ ಮಾಫ್ ಮಾಡಿದ್ನಲ್ಲಾ. ಇವರು ಮಾಡಲಿಲ್ಲ."

ಮುಕ್ತುಂಬಿ ಅರಿಷಿಣದ ಬಟ್ಟಲು ತೆಗೆದುಕೊಂಡು ಎದ್ದು ಹೋದಳು.

ಶುಕ್ರವಾರ ಚಮನಬಿ ಮಸೂತಿಯ ಮೆಟ್ಟಿಲ ಕೆಳಗೆ ನಿಂತಳು. ನೆಲ ಕಾಯ್ದಿತ್ತು. ಬರಿಗಾಲು. ಜಮಾತಿನವರು ಒಬ್ಬೊಬ್ಬರಾಗಿ ಬಂದು ಚಪ್ಪಲಿ ಬಿಟ್ಟರು. ರಾಜೇಸಾಬ ಅವನ್ನೆಲ್ಲ ಬುಟ್ಟಿಯಲ್ಲಿ ತುಂಬಿ ತನ್ನ ಕೈಯಾರೆ ಮಗಳ ತಲೆಯ ಮೇಲೆ ಇಟ್ಟ. ತನ್ನ ಚಪ್ಪಲಿಯನ್ನೂ ಮೇಲೆ ಇಟ್ಟು ಒಳಗೆ ಹೋದ. ಬುಟ್ಟಿಯ ಸಂದಿಯಿಂದ ಮಣ್ಣು ಉದುರಿ ಅವಳ ಹುಬ್ಬಿಗೆ, ತುಟಿಗೆ ಅಂಟಿತು. ಕುತ್ತಿಗೆ ಸೆಳೆಯಿತು. ಒಳಗೆ ನಮಾಜು ನಡೆಯಿತು. ರಕ್ತ ಬಟ್ಟೆಯನ್ನು ದಾಟಿ ಕಾಲಿಗೆ ಇಳಿಯಿತು. ಅವಳು ಒಂದು ಕಾಲಿನಿಂದ ಇನ್ನೊಂದನ್ನು ಮುಚ್ಚಿಕೊಂಡು ನಿಂತಳು. ಎದುರಿನ ಮನೆಗಳ ಬಾಗಿಲ ಸಂದಿಯಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು. ಮುಕ್ತುಂಬಿ ಮಸೂತಿಯ ಗೋಡೆಗೆ ಆತು ನಿಂತಿದ್ದಳು.

ನಮಾಜು ಮುಗಿಯಿತು. ಗಂಡಸರು ಹೊರಗೆ ಬಂದರು. ಅವಳ ತಲೆಯ ಮೇಲಿನ ಬುಟ್ಟಿಗೆ ಕೈ ಹಾಕಿ ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡರು. ಬುಟ್ಟಿ ಖಾಲಿಯಾದ ಮೇಲೆ ಇಳಿಸಿದರು. ಮುದುಕ ಮುಲ್ಲಾ ಹಸಿರು ಬಟ್ಟೆಯಲ್ಲಿ ಸುತ್ತಿದ ಕುರಾನು ತಂದು, ಬಟ್ಟೆ ಬಿಚ್ಚಿ ಅವಳ ಮುಂದೆ ಹಿಡಿದ. ಅವಳಿಗೆ ಓದು ಕಲಿಸಿದ್ದವನು ಅವನೇ.

"ಕೈ ಇಡು," ಅಂದ ಹಜರತಸಾಬ.

ಚಮನಬಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಇಡೂದಿಲ್ಲ."

"ಏನಂದಿ?"

"ಇಡೂದಿಲ್ರಿ."

ರಾಜೇಸಾಬ ಮುಂದೆ ಬಂದ. "ಇಡು ಚಮನಾ. ನಿನ್ನ ಕಾಲಿಗೆ ಬೀಳ್ತೇನಿ. ಇಟ್ಟು ಬಿಡು."

ಗೋಡೆಯ ಹತ್ತಿರ ಮುಕ್ತುಂಬಿ ತಲೆ ಅಲ್ಲಾಡಿಸುತ್ತಿದ್ದಳು. ಬೇಡ, ಹೇಳಬೇಡ ಎಂದು. ಚಮನಬಿ ಅದನ್ನು ನೋಡಿದಳು. ನೋಡಿ ಮುಖ ಆಚೆ ತಿರುಗಿಸಿದಳು.

"ನಾ ಮುಟ್ಟಂಗಿಲ್ಲ. ನಾ ಮುಟ್ಟಾಗೇನಿ."

ಮುಂದಿದ್ದ ಗಂಡಸರು ಹಿಂದೆ ಸರಿದರು.

"ಬುಧವಾರನೂ ಮುಟ್ಟಾಗಿದ್ದೆ," ಅಂದಳು. "ನನಗ ರೋಜಾ ಇರ್ಲಿಲ್ಲ. ಇಲ್ಲದ ರೋಜಾ ಹೆಂಗ ಮುರದೆ? ಮುಲ್ಲಾಸಾಬ್ರ, ನೀವ ಹೇಳ್ರಿ. ನನಗ ನೀರು ಕುಡ್ಯಾಕ ಮಾಫ್ ಐತೋ ಇಲ್ಲೋ?"

ಮುಲ್ಲಾ ಕುರಾನನ್ನು ಸರಕ್ಕನೆ ತನ್ನೆಡೆಗೆ ಎಳೆದುಕೊಂಡ. ಎದೆಗೆ ಅವಚಿದ. ಹಸಿರು ಬಟ್ಟೆ ಸುತ್ತಿದ. ತಲೆ ತಗ್ಗಿಸಿಕೊಂಡು ಒಳಗೆ ನಡೆದ. ಅವನ ಊಟ ಹಜರತಸಾಬನ ಮನೆಯಿಂದ ಬರುತ್ತಿತ್ತು. ಕುರಾನದಿಂದ ಅವಳನ್ನು ದೂರ ಇಡುವ ಮಾತನ್ನು ಅವನು ಆ ಕ್ಷಣವೇ ಪಾಲಿಸಿದ. ಅವಳಿಗೆ ನೀರು ಕೊಡುವ ಮಾತನ್ನು ಎತ್ತಲಿಲ್ಲ.

"ತೋಬಾ! ತೋಬಾ!" ಹಜರತಸಾಬ ಕಿವಿ ಮುಚ್ಚಿಕೊಂಡ. "ಮಸೂತಿ ಮುಂದ ನಿಂತು, ಇಷ್ಟು ಗಂಡಸರ ನಡಕ! ಇದಕ್ಕಿಂತ ರೋಜಾ ಮುರದದ್ದ ಚಲೋ ಇತ್ತು. ನಾಚಿಕಿಲ್ಲದ ಪಿಂಜಾರ್ತಿ!"

"ನಿಮ್ಮ ಮನ್ಯಾಗ ಹೆಂಗಸರಿಲ್ಲೇನ್ರಿ? ಅವರು ಮುಟ್ಟಾಗೂದಿಲ್ಲೇನು?" ಅಂದಳು ಚಮನಬಿ.

ಹಜರತಸಾಬ ಹೊಡೆದ. ಉಂಗುರದ ಕೈ. ಅವಳು ಖಾಲಿ ಬುಟ್ಟಿಯ ಮೇಲೆ ಬಿದ್ದಳು. ಒಂದು ಹಲ್ಲು ಮುರಿದು ಕೆಳಗೆ ಬಿತ್ತು. ಬಾಗಿಲ ಸಂದಿಗಳಲ್ಲಿದ್ದ ಹೆಂಗಸರು ಬಾಗಿಲು ಹಾಕಿಕೊಂಡರು. ಎಲ್ಲ ಬಾಗಿಲುಗಳೂ ಹಾಕಿಕೊಂಡವು.

"ರಾಜ್ಯಾ, ಈದಿಗೆ ನೀ ಈ ಮೆಟ್ಟಲ ಹತ್ತಬ್ಯಾಡ. ಈ ಹೊಲಸಿನ ಕೈ ಹತ್ತಿದ ಗಾದಿ ನನ್ನ ಮಗಳಿಗೆ ಬ್ಯಾಡ. ಸುಡಸಿ ಬಿಡ್ತೇನಿ."

ರಾಜೇಸಾಬ ಅವನ ಕಾಲು ಹಿಡಿಯಲು ಬಗ್ಗಿದ. ಹಜರತಸಾಬ ಕಾಲು ಕೊಡವಿಕೊಂಡು ನಡೆದ.

ಮನೆಗೆ ಬಂದ ಕೂಡಲೇ ರಾಜೇಸಾಬ ಬಾಗಿಲು ಹಾಕಿದ. ಮರದ ಗುಂಡು ಕೈಗೆತ್ತಿಕೊಂಡ. ಭುಜಕ್ಕೆ ಹೊಡೆದ. ತಡೆಯಲು ಎತ್ತಿದ ಕೈಗೆ ಹೊಡೆದ. ಕೈ ಮಣಿಕಟ್ಟಿನ ಹತ್ತಿರ ಲಟ್ಟೆಂದಿತು. ಚಮನಬಿ ಕೂಗಲಿಲ್ಲ. ಗೋಡೆಯ ಮೂಲೆಗೆ ಸರಿದಳು.

"ಬಾಯಿ ಮುಚ್ಚಿಕೊಂಡು ಕೈ ಇಟ್ಟಿದ್ರ ಮುಗೀತಿತ್ತು! ಒಂದು ಗಳಿಗಿ! ನಮ್ಮವ್ವನ್ನ ಬೇಲಿ ಹೊರಗ ಹುಗದಾರ. ನನ್ನೂ ಅಲ್ಲೇ ಹುಗೀಲೇನು?"

"ಕೈ ಇಟ್ಟಿದ್ರ ಗುನ್ಹಾ ಆಗ್ತಿತ್ತಲ್ಲಪ್ಪಾ," ಅಂದಳು ಚಮನಬಿ. ಮುರಿದ ಹಲ್ಲಿನ ಸಂದಿಯಿಂದ ಮಾತಿನ ಜೊತೆ ರಕ್ತ ಬಂತು.

"ಆಗ್ಲಿ ಬಿಡು! ಗುನ್ಹಾ ಆದ್ರ ಆಗ್ಲಿ! ಯಾರಿಗೆ ಗೊತ್ತಾಗ್ತಿತ್ತು?"

ಒಲೆಯ ಹತ್ತಿರ ಕೂತಿದ್ದ ಮುಕ್ತುಂಬಿ ಆ ಮಾತು ಕೇಳಿ ತಲೆ ಎತ್ತಿದಳು.

"ಏನಂದಿ?" ಅಂದಳು. ಮದುವೆಯಾದಾಗಿನಿಂದ ಗಂಡನಿಗೆ ಅವಳು ಏಕವಚನ ಆಡಿದ್ದು ಅದೇ ಮೊದಲು.

"ನೀ ಸುಮ್ಕ ಕುಂಡ್ರು."

"ಗುನ್ಹಾ ಆದ್ರ ಆಗ್ಲಿ ಅಂದಿ. ಹಂಗಾರ ಅಲ್ಲಾನ ಅಂಜಿಕಿ ನಿನಗಿಲ್ಲ. ಹಜರತಸಾಬನ ಅಂಜಿಕಿ. ನಾ ಇಷ್ಟು ವರ್ಷ ಹೊಟ್ಟಿ ಕಟ್ಟಿಕೊಂಡು ಸತ್ತದ್ದು ಯಾರ ಸಲುವಾಗಿ? ನನ್ನವ್ವ ಹಿಂಗ ಅಡಗಿ ಅಡಗಿ ಸತ್ಲು. ನಾನೂ ಅಡಗಿದೆ. ಈಕೀಗೂ ಅದನ್ನ ಕಲಿಸಿದೆ. ನನ್ನ ಕೈಯಾರೆ ಕಲಿಸಿದೆ."

ಅವಳು ಎದ್ದು ಬಂದು ಗುಂಡು ಕಿತ್ತುಕೊಳ್ಳಲು ಅವನ ಕೈ ಎಳೆದಳು. ಅವನು ಬಿಡಲಿಲ್ಲ. ಅವಳು ಅವನ ಕೈ ಕಚ್ಚಿದಳು. ಗುಂಡು ಕೆಳಗೆ ಬಿತ್ತು. ಅವಳು ಅದನ್ನೆತ್ತಿ ಬಾಗಿಲು ತೆರೆದು ಗಟಾರಕ್ಕೆ ಎಸೆದಳು. ಬಾಗಿಲಿಗೆ ಇಳಿಬಿಟ್ಟಿದ್ದ ಗೋಣಿತಾಟಿನ ಪರದೆಯನ್ನು ಹರಿದು ಹಾಕಿದಳು.

ಮುಂದೆ ಜಮಾತು ಅವರನ್ನು ಹೊರಗಿಟ್ಟಿತು. ಗಾದಿಗಳನ್ನು ಹಜರತಸಾಬ ಹಿತ್ತಲಲ್ಲಿ ಸುಡಿಸಿದ. ರಾಜೇಸಾಬ ಮನೆ ಬಿಟ್ಟು ದಾಂಡೇಲಿಗೆ ಬಿದಿರು ಹೊರಲು ಹೋದ, ತಿರುಗಿ ಬರಲಿಲ್ಲ. ತಾಯಿ, ಮಗಳು ತಾವೇ ಕಮಾನು ಹೊತ್ತು ಸುತ್ತಲಿನ ರೈತರ ಮನೆಗಳಿಗೆ ಹತ್ತಿ ಹಿಂಜಲು ಹೋದರು. ಚಮನಬಿಯ ಬಲ ಮಣಿಕಟ್ಟು ಕಡೆಯ ತನಕ ಸೊಟ್ಟಗೇ ಉಳಿಯಿತು. ಅದೆಲ್ಲ ಆಮೇಲಿನದು.

ಆ ಶುಕ್ರವಾರ, ಹೊತ್ತು ಇನ್ನೂ ನೆತ್ತಿಯಿಂದ ಇಳಿಯುತ್ತಿರುವಾಗ, ಮುಕ್ತುಂಬಿ ಮಗಳನ್ನು ಎತ್ತಿ ತಂದು ತೆರೆದ ಬಾಗಿಲ ಹೊಸ್ತಿಲ ಮೇಲೆ ಕೂರಿಸಿದಳು. ನೀರಿನ ತಂಬಿಗೆ ತಂದಿಟ್ಟಳು. ಸೆಹರಿಯಲ್ಲಿ ಉಳಿದ ಜೋಳದ ರೊಟ್ಟಿ ತಂದಳು. ಚಮನಬಿಗೆ ಬಾಯಿ ಅಗಲಿಸಲು ಆಗುತ್ತಿರಲಿಲ್ಲ. ಮುಕ್ತುಂಬಿ ರೊಟ್ಟಿಯನ್ನು ನೀರಿನಲ್ಲಿ ಅದ್ದಿ, ಕಿವುಚಿ, ತುತ್ತು ಮಾಡಿ ಅವಳ ಬಾಯಿಗಿಟ್ಟಳು.

ಮಸೂತಿಯಿಂದ ತಡವಾಗಿ ಹೊರಟವರು ತಗ್ಗಿನ ದಾರಿಯಲ್ಲಿ ಹೋಗುತ್ತಿದ್ದರು. ನಿಂತರು.

"ಏ ಮುಕ್ತುಂಬಿ, ಒಳಗ ನಡೀರಿ. ರಂಜಾನಿನ ಹಗಲೈತಿ," ಅಂದನೊಬ್ಬ.

"ನೋಡ್ರಿ," ಅಂದಳು ಮುಕ್ತುಂಬಿ. ಕೇರಿಗೆಲ್ಲ ಕೇಳುವ ಹಾಗೆ ಅಂದಳು. "ಚಂದಾಗಿ ನೋಡ್ರಿ. ನನ್ನ ಮಗಳು ಮುಟ್ಟಾಗ್ಯಾಳ. ಉಣ್ಣಾಕತ್ಯಾಳ."

ಒಂದು ಕಲ್ಲು ಬಂತು. ಕದಕ್ಕೆ ಬಡಿದು ಬಿತ್ತು. ಇನ್ನೊಂದು ಮುಕ್ತುಂಬಿಯ ಹಣೆಗೆ ತಾಗಿತು. ಅವಳು ಸೆರಗಿನಿಂದ ಹಣೆ ಒತ್ತಿ ಹಿಡಿದು ಇನ್ನೊಂದು ಕೈಯಿಂದ ತುತ್ತು ಕಲಸಿದಳು.

ಚಮನಬಿ ನುಂಗಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಎಡಗೈಯಿಂದ ತಂಬಿಗೆ ಎತ್ತಿ, ನಿಂತವರನ್ನು ನೋಡುತ್ತಲೇ ಕುಡಿದಳು. ರಕ್ತ ಬೆರೆತ ನೀರು ಗದ್ದದಿಂದ ಕುತ್ತಿಗೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಇನ್ನೊಂದು ರೊಟ್ಟಿ ಕೊಡವ್ವಾ," ಅಂದಳು.